ನನ್ನ ಮಿಶ್ರಿಗೆ ಬಿದ್ದ ಚಪ್ಪಾಳೆ

ಎಪ್ಪತ್ತು ದಾಟಿದ ಮೇಲೆ ನನಗೆ ಒಬ್ಬಳ ಮೇಲೆ ಹೊಟ್ಟೆಕಿಚ್ಚು ಹತ್ತಿದೆ. ಅವಳು ಒಂಬತ್ತನೆಯ ಇಯತ್ತೆಯ ಹುಡುಗಿ, ಹೆಸರು ರೇಣುಕಾ. ಎರಡು ಜಡೆ, ಎದೆಯ ಮೇಲೊಂದು ಬಿಲ್ಲೆ. ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಸವತಿಯ ಮೇಲೆ ಪಡುವಂಥ ಹೊಟ್ಟೆಕಿಚ್ಚನ್ನು ದೇವರು ಪ್ರಾಯದಲ್ಲಿ ಕೊಡಲಿಲ್ಲ, ತೆಗೆದಿಟ್ಟು ಈಗ ಕೊಟ್ಟಿದ್ದಾನೆ.

ತಾಂಬಾದ ಹತ್ತಿರದ ನಮ್ಮ ಊರಿನ ಸಣ್ಣ ಶಾಲೆಗೆ ಪ್ರತಿ ಶನಿವಾರ ಹೈಸ್ಕೂಲಿನ ಹುಡುಗಿಯರು ಬರುತ್ತಾರೆ. ಉಗುರು ಕತ್ತರಿಸಿ, ಕೈ ತೊಳೀರಿ, ನೀರಿನ ಕೊಡ ಮುಚ್ಚಿಡಿ ಎಂದು ಸಣ್ಣ ಮಕ್ಕಳಿಗೆ ಕಲಿಸುತ್ತಾರೆ. ಈ ಪೀಡೆ ನಮ್ಮ ಇಂಡಿ ತಾಲ್ಲೂಕಿಗಷ್ಟೇ ಅಂದುಕೊಂಡಿದ್ದೆ. ಸಿಂದಗಿಯ ತಂಗಿ, ಮುದ್ದೇಬಿಹಾಳದ ಬೀಗತಿ, ಬಸವನ ಬಾಗೇವಾಡಿಗೆ ಕೊಟ್ಟ ಮಗಳು, ಮೂವರೂ ಫೋನಿನಲ್ಲಿ ಇದೇ ಹೇಳಿದರು. ಅಲ್ಲಿಯೂ ಮೊಮ್ಮಕ್ಕಳು ಕೈಬಿಟ್ಟುಹೋಗಿದ್ದಾರೆ. ತಾಲ್ಲೂಕಿಗೊಬ್ಬಳು ರೇಣುಕಾ.

ನನ್ನ ಮೊಮ್ಮಗಳು ಭಾಗ್ಯಾ ಎರಡನೆಯ ಇಯತ್ತೆ. ಹುಟ್ಟಿದಾಗಿನಿಂದ ನನ್ನ ಕೈತುತ್ತು ಉಂಡವಳು. ಅವಳ ಉಗುರು ಕತ್ತರಿಸಲು ನಾನು ಎರಡು ವರ್ಷ ಓಣಿ ತುಂಬ ಓಡಿದ್ದೇನೆ. ರೇಣುಕಾ ಒಂದೇ ಸಲ ಹೇಳಿದಳು, ಇವಳು ಹತ್ತೂ ಬೆರಳು ಮುಂದೆ ಚಾಚಿದಳಂತೆ. ಮಾತು ಅದೇ, ಉಗುರು ಅವೇ. ಹೇಳಿದ ಬಾಯಿ ಮಾತ್ರ ಬೇರೆ.

ನಾನು ಇದನ್ನು ಬಹಳ ಯೋಚಿಸಿದ್ದೇನೆ. ಮಕ್ಕಳು ಮುದುಕರ ಮಾತು ಕೇಳುವುದಿಲ್ಲ, ಏಕೆಂದರೆ ತಾವು ಮುದುಕರಾಗುತ್ತೇವೆ ಎಂಬ ನಂಬಿಕೆ ಅವರಿಗಿಲ್ಲ. ತಮಗಿಂತ ಎರಡು ಗೇಣು ಎತ್ತರದವಳು ಹೇಳಿದರೆ ಕೇಳುತ್ತಾರೆ. ನಾಳೆ ಬೆಳಿಗ್ಗೆ ಎದ್ದರೆ ತಾವೇ ಅವಳಾಗಿಬಿಡುತ್ತೇವೆ ಅಂದುಕೊಂಡಿರುತ್ತಾರೆ. ಎಷ್ಟೋ ದೊಡ್ಡವರು ದೊಡ್ಡ ಮಾತು ಹೇಳಿ ಹೋಗಿದ್ದಾರೆ, ಅವರ ಮನೆಯ ಮಕ್ಕಳೇ ಕೇಳಲಿಲ್ಲ. ನನ್ನದೇನು ಲೆಕ್ಕ?

ಒಂದು ಶನಿವಾರ ಭಾಗ್ಯಾ ಕುಣಿಯುತ್ತ ಬಂದಳು.

"ಆಯಿ, ಇವತ್ತ ನಿನಗ ಸಾಲ್ಯಾಗ ಎಲ್ಲಾರೂ ಚಪ್ಪಾಳಿ ಹೊಡದ್ರು!"

"ನನಗ್ಯಾಕ? ನಾ ಏನ್ ಸತ್ತೇನೇನು?"

ವಿಷಯ ಹೀಗೆ. ಮನೆಯಲ್ಲಿ ತಂಬಾಕು ತಿನ್ನುವವರು ಯಾರು ಎಂದು ರೇಣುಕಾ ಕೇಳಿದ್ದಾಳೆ. ನಮ್ಮ ಮನೆಯಲ್ಲಿ ಯಾರೂ ಇಲ್ಲ ಎಂದಿದ್ದಾಳೆ ಇವಳು. ದಿನಕ್ಕೆ ಎಷ್ಟು ಸಲ ಹಲ್ಲು ತಿಕ್ಕಬೇಕು ಎಂದು ಕೇಳಿದಾಗ, "ನಮ್ಮ ಆಯಿ ನಾಲ್ಕ್ ಸಲ ತಿಕ್ಕತಾಳ್ರೀ" ಎಂದಿದ್ದಾಳೆ. ರೇಣುಕಾ ಶಾಬಾಸ್ ಅಂದಳಂತೆ. ಎಲ್ಲರೂ ಭಾಗ್ಯಾಳ ಆಯಿಯ ಹಾಗೆ ತಿಕ್ಕಬೇಕು ಅಂದಳಂತೆ.

ನಾನು ತಿಕ್ಕುವುದು ಮಿಶ್ರಿ. ತಂಬಾಕಿನ ಎಲೆಯನ್ನು ಹಂಚಿನ ಮೇಲೆ ಕರ್ರಗೆ ಹುರಿದು, ಕುಟ್ಟಿ ಪುಡಿ ಮಾಡಿ, ಬೆರಳಿನಿಂದ ಹಲ್ಲಿಗೆ, ವಸಡಿಗೆ ಹಚ್ಚುವುದು. ಚಡಚಣದ ಸಂತೆಯಿಂದ ಎಲೆ ತರಿಸುತ್ತಿದ್ದೆ. ನಮ್ಮ ಕಡೆ ತಂಬಾಕು ತಿನ್ನುವವರು ಗಂಡಸರು. ಹೆಂಗಸರು ಮಿಶ್ರಿ ಹಚ್ಚುವವರು, ಅಂದರೆ ಹಲ್ಲು ತಿಕ್ಕುವವರು. ಒಂದೇ ಗಿಡಕ್ಕೆ ಎರಡು ಹೆಸರಿಟ್ಟು ಅರವತ್ತು ವರ್ಷ ಮರ್ಯಾದೆಯಿಂದ ಬದುಕಿದ್ದೇವೆ. ಹುರಿಯುವಾಗ ಇಡೀ ಓಣಿ ಸೀನುತ್ತದೆ, ಆಗಲೂ ಯಾರೂ ಅದನ್ನು ತಂಬಾಕು ಅನ್ನುವುದಿಲ್ಲ.

ಮರುದಿನ ರೇಣುಕಾ ಮನೆಗೇ ಬಂದಳು. "ಆಯಿ, ಮುಂದಿನ ಶನಿವಾರ ನೀವ ಸಾಲಿಗಿ ಬರ್ರಿ. ಹಲ್ಲ್ ಹೆಂಗ ತಿಕ್ಕೂದು ಅಂತ ಹುಡುಗ್ರಿಗಿ ಹೇಳ್ರಿ."

ಆಗ ನಾನು ನಿಜ ಹೇಳಬೇಕಿತ್ತು. ಹೇಳಲಿಲ್ಲ. ಭಾಗ್ಯಾ ಬಾಗಿಲಲ್ಲಿ ನಿಂತು ನನ್ನ ಮುಖವನ್ನೇ ನೋಡುತ್ತಿದ್ದಳು, ರೇಣುಕಾಳ ಮುಖವನ್ನಲ್ಲ. ಬಹಳ ದಿನದ ಮೇಲೆ ನಾನು ಗೆದ್ದಿದ್ದೆ. "ಬರ್ತೇನಿ ತಂಗಿ" ಎಂದೆ. ಅಂದೇ ಇಳಕಲ್ ಸೀರೆ ತೆಗೆದು ಮಡಿಚಿಟ್ಟೆ.

ಶುಕ್ರವಾರ ಹಿತ್ತಲಿಗೆ ಹೋದರೆ ಭಾಗ್ಯಾ ಕಲ್ಲಿನ ಮೇಲೆ ಕುಳಿತಿದ್ದಾಳೆ. ತೊಡೆಯ ಮೇಲೆ ನನ್ನ ಮಿಶ್ರಿ ಡಬ್ಬಿ. ಬಾಯೆಲ್ಲ ಕಪ್ಪು, ಕಣ್ಣಲ್ಲಿ ನೀರು, ಬಿಕ್ಕಳಿಕೆ.

"ಲೇ ಹುಚ್ಚಿ, ಏನ್ ಮಾಡಾಕತ್ತಿ?"

"ಹಲ್ಲ್ ತಿಕ್ಕಾಕತ್ತೇನಿ. ನಿನ್ನಂಗ."

ಡಬ್ಬಿ ಕಸಿದುಕೊಂಡು ಬಾಯಿ ತೊಳೆಸಿದೆ. ವಾಂತಿ ಮಾಡಿಕೊಂಡಳು. ಇನ್ನು ಮುಟ್ಟಿದರೆ ಕೈ ಮುರೀತೇನಿ ಅಂದೆ. ಅಷ್ಟು ವಾಂತಿಯಾದ ಮೇಲೂ ಅವಳು ಗದ್ದ ಎತ್ತಿ, "ರೇಣುಕಕ್ಕ ಚಲೋ ಅಂದಾಳ. ನೀನಽ ದಿನಾ ಹಚ್ಚತಿ" ಎಂದಳು. ನಾನು ಬೈದರೆ ಇವಳು ಕದ್ದು ಹಚ್ಚುತ್ತಾಳೆ. ನಾನೂ ಹಾಗೆಯೇ ಕಲಿತದ್ದು, ನಮ್ಮವ್ವನ ಡಬ್ಬಿಯಿಂದ. ಇವಳನ್ನು ತಡೆಯುವ ಬಾಯಿ ಊರಲ್ಲಿ ಒಂದೇ ಇತ್ತು, ಅದು ನನ್ನದಲ್ಲ.

ಶನಿವಾರ ಹಳೆಯ ಸೀರೆಯಲ್ಲೇ ಶಾಲೆಗೆ ಹೋದೆ. ರೇಣುಕಾಳನ್ನು ಪಕ್ಕಕ್ಕೆ ಕರೆದು ಡಬ್ಬಿ ಕೈಗಿಟ್ಟೆ.

"ಇದು ತಂಬಾಕ ಐತಿ. ನಾ ತಿಕ್ಕೂದು ಇದನ್ನ. ನಾ ಹೇಳಿದ್ರ ನಮ್ಮ ಹುಡುಗಿ ಕೇಳಂಗಿಲ್ಲ. ನೀನ ಹೇಳು."

ಹುಡುಗಿಯ ಮುಖ ಸಣ್ಣಗಾಯಿತು. "ನಮ್ಮ ಆಯಿನೂ ಹಚ್ಚತಾಳ್ರೀ. ತಂಬಾಕಂತ ನನಗ ಗೊತ್ತಽ ಇರಲಿಲ್ರೀ" ಎಂದಳು. ಆಮೇಲೆ ಮಕ್ಕಳ ಮುಂದೆ ನಿಂತು, "ಹ್ವಾದ ವಾರ ನಾ ತಪ್ಪ ಹೇಳಿದ್ನಿ" ಎಂದೇ ಸುರು ಮಾಡಿದಳು. ಅಲ್ಲಿಯೂ ನನಗೆ ಹೊಟ್ಟೆಕಿಚ್ಚಾಯಿತು. ಈ ಮಾತನ್ನು ಇಷ್ಟು ಸಲೀಸಾಗಿ ನಾನು ಎಪ್ಪತ್ತು ವರ್ಷದಲ್ಲಿ ಯಾರ ಮುಂದೆಯೂ ಆಡಿಲ್ಲ, ಗಂಡನ ಮುಂದಂತೂ ಇಲ್ಲವೇ ಇಲ್ಲ.

"ಇನ್ನ ಮ್ಯಾಲ ದಿನಾ ಮುಂಜಾನಿ ನಿಮ್ಮ ನಿಮ್ಮ ಆಯಿ ಬಾಯಿ ನೋಡ್ರಿ. ಪೂರ್ತಿ ಬಿಡೂ ತನಕ ಬಿಡಬ್ಯಾಡ್ರಿ" ಎಂದು ಅವಳು ಹೇಳಿದಾಗ ಎಲ್ಲರಿಗಿಂತ ಮೊದಲು ಕೈ ಎತ್ತಿದವಳು ಭಾಗ್ಯಾ. ನನ್ನ ಕಡೆ ಪೊಲೀಸರ ಹಾಗೆ ನೋಡಿದಳು.

ಅಂದಿನಿಂದ ಮುಂಜಾನೆ ಎದ್ದ ಕೂಡಲೇ ನನ್ನ ಎದುರಿಗೆ ಬಂದು ಕೂರುತ್ತಾಳೆ. ಗದ್ದ ಹಿಡಿದು, "ಬಾಯಿ ತಗಿ" ಅನ್ನುತ್ತಾಳೆ. ಮೂಗು ಹತ್ತಿರ ತಂದು ಮೂಸುತ್ತಾಳೆ, ವಸಡು ನೋಡುತ್ತಾಳೆ, ಬೈಯುತ್ತಾಳೆ. ಸಂಜೆ ಶಾಲೆಯಿಂದ ಬಂದು ಚೀಲ ಇಡುವ ಮೊದಲೇ ಇನ್ನೊಂದು ಸಲ. ಆಟವಿಲ್ಲ, ರೇಣುಕಕ್ಕನ ಸುದ್ದಿಯೂ ಇಲ್ಲ. ನನ್ನ ಬಾಯೊಂದೇ ಅವಳ ಕೆಲಸ.

ಮಿಶ್ರಿ ಬಿಟ್ಟು ಇಂದಿಗೆ ಹನ್ನೊಂದು ದಿನ. ಮೊದಲ ನಾಲ್ಕು ದಿನ ತಲೆ ಸಿಡಿಯಿತು, ಹೊಟ್ಟೆ ಕಟ್ಟಿತು, ಸೊಸೆಗೆ ಸುಮ್ಮನೆ ಬೈದೆ. ಈಗ ಸಲೀಸು. ಅರವತ್ತು ವರ್ಷದ ವಸಡಿನ ಕಪ್ಪು ಹನ್ನೊಂದು ದಿನಕ್ಕೆ ಹೋಗುವುದಿಲ್ಲವಾದ್ದರಿಂದ ನಾನು ಬಿಟ್ಟದ್ದು ಅವಳಿಗೆ ಗೊತ್ತಾಗಿಲ್ಲ.

"ಇನ್ನೂ ಬಿಟ್ಟಿಲ್ಲಲ್ಲ ನೀ?" ಅನ್ನುತ್ತಾಳೆ.

"ಬಿಡ್ತೇನಿ ಬಿಡವ್ವ, ಅವಸರೇನೈತಿ" ಅಂದು ಮತ್ತೆ ಬಾಯಿ ತೆರೆಯುತ್ತೇನೆ. ಬಿಟ್ಟಿದ್ದೇನೆ ಎಂದು ಹೇಳಿದರೆ ನನ್ನನ್ನು ಪಾಸು ಮಾಡಿ ಅವಳು ಸೀದಾ ರೇಣುಕಾಳ ಹತ್ತಿರ ಓಡಿಹೋಗುತ್ತಾಳೆ.