ಸಣ್ಣ ಎಸಳಿನ ಬಿಲ್ಲೆ

ಎಪ್ಪತ್ತರ ದಶಕದಲ್ಲಿ ನಮ್ಮ ತಾಳವಾಡಿ ಕಡೆ ಒಬ್ಬೊಬ್ಬರೇ ನಾಡಹೆಂಚು ಇಳಿಸಿ ತಾರಸಿ ಹಾಕಿಸತೊಡಗಿದರು. ತಾರಸಿ ಬಂದ ಮೇಲೆ ಅದರ ಮುಂದಿನ ಗಿಡ್ಡ ಗೋಡೆಯ ನಡುವೆ ಒಂದು ಸಿಮೆಂಟಿನ ಬಿಲ್ಲೆ ಬೇಕೇ ಬೇಕು. ಮೊರದಷ್ಟು ಅಗಲದ ದುಂಡು, ಸುತ್ತ ಹನ್ನೆರಡು ಎಸಳಿನ ತಾವರೆ, ಒಳಗೆ ಮಲಗಿದ ಬಸವ. ಸುತ್ತಲ ಹಳ್ಳಿಗಳಿಗೆಲ್ಲ ಅದನ್ನು ಮಾಡುವ ಗಾರೆಯವನು ನಾನೊಬ್ಬನೇ.

ನನ್ನ ಮೊದಲ ಬಿಲ್ಲೆ ಪಣಕಹಳ್ಳಿಯ ಒಬ್ಬ ಜಮೀನ್ದಾರರ ಮನೆಯದು. ದಾರ ಹಿಡಿದು ದುಂಡು ಎಳೆದು, ಅದೇ ದಾರದಿಂದ ಅಂಚನ್ನು ಅಳೆಯುತ್ತ ಹೋದರೆ ಸರಿಯಾಗಿ ಆರು ಭಾಗವಾಗುತ್ತದೆ. ಒಂದೊಂದನ್ನು ಎರಡು ಮಾಡಿದರೆ ಹನ್ನೆರಡು. ಗುರುಗಳು ಇದನ್ನು ಕಿವಿ ಹಿಂಡಿ ಕಲಿಸಿದ್ದರು. ಇಪ್ಪತ್ತರ ಕೊಬ್ಬು, ನಾನು ಕಣ್ಣಂದಾಜಿನಲ್ಲೇ ಎಸಳು ಕೂರಿಸಿದೆ. ಸುತ್ತು ಮುಗಿಯುವಾಗ ಹನ್ನೆರಡನೆಯದಕ್ಕೆ ಅರ್ಧ ಜಾಗವೇ ಉಳಿದಿತ್ತು. ಹೇಗೋ ತುರುಕಿದೆ. ಕೆಳಗಿಳಿದು ನೋಡಿದರೆ ಹಲ್ಲಿನ ಸಾಲಿನಲ್ಲಿ ಹಾಲುಹಲ್ಲೊಂದು ಉಳಿದಂತೆ ಕಾಣುತ್ತಿತ್ತು. ನಾಚಿಕೆಯಾಗಿ, ಒಡೆದು ಮತ್ತೆ ಮಾಡುತ್ತೇನೆಂದೆ.

"ಬುಡ್ಲಾ, ಊವ ಊವಾನೇ," ಎಂದು ಯಜಮಾನರು ನಕ್ಕರು.

ಮೂರು ವರ್ಷದಿಂದ ಬಂಡೆ ಕುಟ್ಟುತ್ತಿದ್ದ ಅವರ ಬಾವಿಯಲ್ಲಿ ಆ ವಾರವೇ ನೀರು ಬಂತು. ಅಲ್ಲಿಗೆ ನನ್ನ ಕಥೆ ಮುಗಿಯಿತು.

ಆಮೇಲೆ ಬಂದವರೆಲ್ಲ ಕೇಳಿದ್ದು ಅದೇ ಬಿಲ್ಲೆ, ಎಡಗಡೆ ಮೇಲೆ ಅದೇ ಸಣ್ಣ ಎಸಳು. ಅದು ನನ್ನ ತಪ್ಪು ಎಂದು ಬಾಯಿ ನೋಯುವಷ್ಟು ಹೇಳಿದೆ. ಯಾರು ಕೇಳುತ್ತಾರೆ! ದೊಡ್ಡಗಾಜನೂರಿನಲ್ಲೊಮ್ಮೆ ಮಾತೇ ಎತ್ತದೆ ಹನ್ನೆರಡನ್ನೂ ಸಮನಾಗಿ ಮಾಡಿಬಿಟ್ಟೆ. ಆ ಮನೆಯ ಅಜ್ಜಿ ಅಂಗಳದಲ್ಲಿ ನಿಂತು, ಹಣೆಗೆ ಕೈ ಅಡ್ಡ ಹಿಡಿದು ನೋಡಿ, ಕೋಲು ಎತ್ತಿದರು. "ಊರ್ಗೆಲ್ಲ ಒಂದು, ನಮ್ಮನ್ಗ ಒಂದಾ? ನಾವು ಉದ್ಧಾರ ಆಗ್ಬಾರ್ದೇನ್ಲಾ?" ಒಳ್ಳೆಯ ಎಸಳೊಂದನ್ನು ನನ್ನ ಕೈಯಲ್ಲೇ ಕೆತ್ತಿಸಿ ಸಣ್ಣದು ಮಾಡಿಸಿದರು. ಹತ್ತು ವರ್ಷ ಹೀಗೇ ನಡೆಯಿತು. ಬಸ್ಸಿನಲ್ಲಿ ಹೋಗುವಾಗ ಕಿಟಕಿಯಾಚೆ ಮನೆಯಾದ ಮೇಲೆ ಮನೆ, ನನ್ನ ಸೋಮಾರಿತನ ನನ್ನನ್ನೇ ನೋಡುತ್ತಿತ್ತು. ತಲೆ ತಗ್ಗಿಸಿ ಕೂರುತ್ತಿದ್ದೆ.

ಎಂಬತ್ತರ ದಶಕ ಶುರುವಾದ ಮೇಲೆ ನಾನೂ ಒಂದು ತಾರಸಿ ಮನೆ ಕಟ್ಟಿದೆ. ಇದೊಂದಾದರೂ ಸರಿಯಾಗಿರಲಿ ಎಂಬ ಆಸೆ. ಆಗ ನನ್ನ ಹೆಂಡತಿಗೆ ಎಂಟು ತಿಂಗಳು. ಅದಕ್ಕೆ ಮೊದಲು ಎರಡು ಕೂಸು ಹುಟ್ಟಿ ಉಳಿದಿರಲಿಲ್ಲ.

"ಎಲ್ರ ಮನ್ಗೂ ಮಾಡ್ಕೊಟ್ರಿ. ನಮ್ಗ ಬ್ಯಾಡ್ವಾ ಆ ಎಸಳು?" ಎಂದಳು.

ನಾನು ರೇಗಿದೆ. ತಪ್ಪು ಮಾಡಿದವನಿಗೇ ಅದರ ಮಹಿಮೆ ಹೇಳುತ್ತೀಯಾ ಎಂದು ಕೂಗಾಡಿ ಗಾರೆ ಮೆತ್ತುವ ಕರಣೆ ಎಸೆದೆ. ಮೂರನೆಯ ದಿನ ಅವಳೇ ನೀರು ತಂದುಕೊಟ್ಟು, "ನಿಮ್ ಮನಸ್ಗ ಬಂದಂಗೇ ಮಾಡಿ. ನಾನೇನೂ ಅನ್ಕಳಲ್ಲ," ಎಂದಳು. ಗೆದ್ದೆ ಅಂದುಕೊಂಡೆ.

ಅವತ್ತೇ ಅಟ್ಟಣಿಗೆ ಹತ್ತಿದೆ. ದಾರ ಹಿಡಿದು ಅಳೆದೆ, ಹನ್ನೆರಡು ಗೆರೆಯೂ ಕೂದಲೆಳೆಯಷ್ಟು ತಪ್ಪದೆ ಬಂದವು. ಹನ್ನೊಂದು ಎಸಳು ಎದ್ದು ನಿಂತವು. ಅಷ್ಟು ಚೆಂದದ ಕೆಲಸ ಜನ್ಮದಲ್ಲಿ ಮಾಡಿರಲಿಲ್ಲ. ಹನ್ನೆರಡನೆಯದನ್ನೂ ತಿದ್ದಿ ಮುಗಿಸಿ ಕೆಳಗೆ ನೋಡಿದೆ. ಅವಳು ಮರಳಿನ ಗುಡ್ಡೆಯ ಮೇಲೆ, ಹೊಟ್ಟೆ ಮೇಲೆ ಕೈಯಿಟ್ಟುಕೊಂಡು ಕೂತಿದ್ದಳು. ನನ್ನ ಕೆಲಸ ಕಣ್ಣಿಗೆ ಬೀಳದಿರಲೆಂದು ಬೇರೆ ಕಡೆ ತಿರುಗಿದ್ದಳು. ನನಗೆ ಭಯವಾಯಿತು. ಊರಿಗೆಲ್ಲ ಬುದ್ಧಿ ಹೇಳಿದವನಿಗೇ ಭಯವಾಯಿತು. ಗಾರೆ ಬಿಗಿಯುವ ಮೊದಲೇ ಆ ಎಸಳನ್ನು ಕರಣೆಯಿಂದ ಅರ್ಧಕ್ಕೆ ಒತ್ತಿಬಿಟ್ಟೆ.

ಮಗಳು ಹುಟ್ಟಿದಳು, ಉಳಿದಳು. ಅಲ್ಲಿಂದಾಚೆಗೆ ಅದು ತಪ್ಪು ಎಂದು ನಾನು ಯಾರ ಮನೆಯಲ್ಲೂ ಬಾಯಿ ಬಿಡಲಿಲ್ಲ.