ಬಿಳಿಗಿರಿಯ ಮಸುಕು ಮರಿಗಳು
ಪಣಕಹಳ್ಳಿಯ ಬಿಳಿಗಿರಿಗೆ ಕಾಡುಪ್ರಾಣಿಗಳ ಮರಿಗಳ ಫೋಟೋ ತೆಗೆಯುವ ಹುಚ್ಚು. ಅವನ ಮಾತು ನಂಬಿದರೆ, ತಾಳಮಲೆ ಕಾಡಿನ ಮೃಗಗಳೆಲ್ಲ ಮರಿಗಳಿಗೆ ತಲೆ ಬಾಚಿ ಅವನ ಹಿತ್ತಿಲಿಗೇ ಕರೆತರುತ್ತವೆ. ಮೊಬೈಲಿನಲ್ಲಿ ಮಾತ್ರ ಎಲ್ಲವೂ ಮಸುಕು. "ಆನೆಮರಿ ಕಣ್ಲಾ, ನಾಚ್ಕೊಂಡು ಅತ್ಲಾಗ್ ತಿರುಗ್ಬುಡ್ತು" ಎನ್ನುತ್ತಾನೆ. "ಅದು ನಿನ್ನ ಎಬ್ಬೆಟ್ಟು ಕಣಣ್ಣ" ಎನ್ನುತ್ತಾನೆ ಟೀ ಅಂಗಡಿಯ ಜಡೇಸ್ವಾಮಿ. ಈ ಸಲ ರಾಗಿ ಕೊಯ್ಯುವಾಗ ಹೊಲದ ಮೂಲೆಯಲ್ಲಿ ಕಾಡುಬೆಕ್ಕಿನ ಮೂರು ಮರಿ ಕಂಡವು. ಮೀಸೆ ಎಣಿಸುವಷ್ಟು ಸ್ಪಷ್ಟವಾಗಿ ಫೋಟೋ ಬಂತು. ತೋರಿಸಿದರೆ ಊರೇ ಹೊಲಕ್ಕೆ ನುಗ್ಗುತ್ತದೆ, ಜನ ತುಳಿದಾಡಿದ ಜಾಗಕ್ಕೆ ತಾಯಿಬೆಕ್ಕು ಮರಳುವುದಿಲ್ಲ. ಬಿಳಿಗಿರಿ ಆ ಮೂಲೆಯನ್ನು ಕೊಯ್ಯದೆ ಬಿಟ್ಟು, ಮೊಬೈಲನ್ನು ಜೇಬಿನಲ್ಲೇ ಇಟ್ಟುಕೊಂಡು ಟೀ ಕುಡಿಯಲು ಹೋದ. "ಮೂಲೆ ರಾಗಿ ಯಾಕಣ್ಣ ಬುಟ್ಟಿದ್ದೀಯ?" ಎಂದ ಜಡೇಸ್ವಾಮಿ. "ದೊಡ್ಡ ಉಲಿ ಏಳ್ ಮರಿ ಆಕ್ಯದೆ ಕಣ್ಲಾ, ಬಂದು ನೋಡು!" ಅಂಗಡಿಯೆಲ್ಲ ನಕ್ಕಿತು, ನೋಡಲು ಒಬ್ಬನೂ ಏಳಲಿಲ್ಲ.