ತೊಳೆದ ಕಲ್ಲಿನ ಸರ್ಟಿಫಿಕೇಟ್

ಲಾಕ್‌ಡೌನ್ ಮುಗಿದ ಮರುವರ್ಷದ ಬೇಸಿಗೆ. ಶಿರಹಟ್ಟಿ ಕಡೆಯ ಒಂದು ಡೋಲೊಮೈಟ್ ಕ್ವಾರಿಗೆ ನಾನು ಕೆಮಿಸ್ಟ್ ಆಗಿ ಸೇರಿ ನಾಲ್ಕು ವರ್ಷವಾಗಿತ್ತು. ದಿನಾ ಬೆಟಗೇರಿಯಿಂದ ಬಸ್ಸು; ಕ್ರಷರ್ ಪಕ್ಕದ ಎರಡು ಕೋಣೆಗಳೇ ಲ್ಯಾಬ್. ಮನುಷ್ಯರ ಮಾತು ನಂಬದೆ ತಕ್ಕಡಿಯನ್ನಷ್ಟೇ ನಂಬುವ ಹೆಂಗಸು ಅಂತ ನನಗೆ ಹೆಸರಿತ್ತು. ಆ ಹೆಸರಿನ ಬಗ್ಗೆ ಜಂಬವೂ ಇತ್ತು.

ಡೋಲೊಮೈಟ್ ನೋಡಲು ಸುಣ್ಣದಕಲ್ಲಿನ ಹಾಗೇ. ಆಸಿಡ್ ಹನಿ ಬಿದ್ದರೆ ಸುಣ್ಣದಕಲ್ಲು ತಕ್ಷಣ ಬುಸುಗುಡುತ್ತದೆ. ಇದು ಪುಡಿ ಮಾಡಿದ ಮೇಲಷ್ಟೇ ನೊರೆ ಬಿಡುತ್ತದೆ. ಇದರಲ್ಲಿ ಸುಣ್ಣದ ಜೊತೆ ಮೆಗ್ನೀಸಿಯಮ್ ಇದೆ. ಉಕ್ಕಿನ ಕುಲುಮೆಗೆ ಹಾಕಿದರೆ ಅದಿರಿನ ಹೊಲಸನ್ನು ಕಿಟ್ಟವಾಗಿ ಬೇರ್ಪಡಿಸುತ್ತದೆ, ಒಳಗಿನ ಇಟ್ಟಿಗೆ ಗೋಡೆ ಬೇಗ ಸವೆಯದಂತೆ ಕಾಯುತ್ತದೆ. ಗಾಜು ಮಾಡಲಿಕ್ಕೂ ಬೇಕು. ಆದರೆ ಸಿಲಿಕಾ, ಅಂದರೆ ಮರಳಿನ ಅಂಶ, ಹೆಚ್ಚಾದರೆ ಕೆಲಸ ಕೆಟ್ಟಿತು. ನಮ್ಮ ಕಲ್ಲು ಕೊಳ್ಳುವ ಉಕ್ಕಿನ ಕಾರ್ಖಾನೆಯ ಷರತ್ತು ಒಂದೇ: ಸಿಲಿಕಾ ನಾಲ್ಕು ಪರ್ಸೆಂಟ್ ದಾಟಬಾರದು.

ಒಂದು ಸೋಮವಾರ ಮೂರು ಲಾರಿ ಕಲ್ಲು ವಾಪಸ್ ಬಂತು. ನನ್ನ ಸರ್ಟಿಫಿಕೇಟಿನಲ್ಲಿ ಸಿಲಿಕಾ ಎರಡೂವರೆ. ಅವರ ಲ್ಯಾಬಿನಲ್ಲಿ ಎಂಟು. ಮಾಲೀಕರು ನೇರ ಮುಕಾದಮ್ ಮಾಬೂಸಾಬರ ಮೇಲೆ ಹರಿಹಾಯ್ದರು. ಕ್ವಾರಿಯ ಆಳುಗಳಿಂದ ಕೆಲಸ ತೆಗೆಸುವುದು, ಕಲ್ಲಿನ ಸ್ಯಾಂಪಲ್ ನನ್ನ ಮೇಜಿಗೆ ತಂದಿಡುವುದು ಎರಡೂ ಅವರದೇ.

"ಕಂಡಕಂಡ ಕಲ್ಲು ಬೆರಸಿ ತುಂಬಿಸೀಯಪಾ ನೀ. ಎಂಟು ದಿನದಾಗ ಖುಲಾಸೆ ಆಗಲಿಲ್ಲಂದ್ರ ಮನಿ ಹಿಡಿ."

ಇಪ್ಪತ್ತು ವರ್ಷ ಅದೇ ಕ್ವಾರಿಯಲ್ಲಿ ದುಡಿದ ಮನುಷ್ಯ. ನೇರ ನನ್ನ ಬಾಗಿಲಿಗೆ ಬಂದು ನಿಂತರು. "ಬಾಯಾರ, ಅಲ್ಲಾನ ಆಣಿ, ನಾ ಏನೂ ಬೆರಸಿಲ್ರಿ. ಕಳ್ಳ ಅನಿಸ್ಕೊಂಡು ಹೊರಗ ಹೋಗೂದು ನನ್ನ ಕೈಲೆ ಆಗೂದಿಲ್ರಿ."

ನಿಜ ಹೇಳುತ್ತೇನೆ, ಆಗ ನನಗೆ ಅವರಿಗಿಂತ ನನ್ನ ಸರ್ಟಿಫಿಕೇಟಿನದೇ ಚಿಂತೆ. ಲ್ಯಾಬಿನಲ್ಲಿ ಉಳಿದಿದ್ದ ಅದೇ ಸ್ಯಾಂಪಲ್ಲಿನ ಪರೀಕ್ಷೆಯನ್ನು ಮೂರು ಸಲ ಮಾಡಿದೆ. ಮೂರು ಸಲವೂ ಎರಡೂವರೆ! ಕಾರ್ಖಾನೆಯ ಲ್ಯಾಬಿನವರನ್ನು ಮನಸಾರೆ ಬೈದೆ. ಆಮೇಲೆ ಹಟಕ್ಕೆ ಬಿದ್ದು, ಮರುದಿನ ಬೆಳಿಗ್ಗೆಯೇ ಕ್ವಾರಿಗೆ ಇಳಿದೆ. ನಾಲ್ಕು ವರ್ಷದಲ್ಲಿ ಅಲ್ಲಿಗೆ ಇಳಿದದ್ದು ಅದು ಮೂರನೆಯ ಸಲ.

ಮಾಬೂಸಾಬರು ಸ್ಯಾಂಪಲ್ ಆರಿಸುತ್ತಿದ್ದರು. ಒಂದು ಕಲ್ಲು ಎತ್ತಿ ತಿರುಗಿಸಿ ನೋಡಿದರು, ಅದರಲ್ಲಿದ್ದ ಬೂದು ಗೆರೆ ಕಂಡು ಆಚೆ ಎಸೆದರು. ಇನ್ನೊಂದು ಎತ್ತಿದರು. ಅದನ್ನು ನೀರಲ್ಲಿ ತೊಳೆದು, ಟವೆಲ್ಲಿನಿಂದ ಒರೆಸಿ ಚೀಲಕ್ಕೆ ಹಾಕಿದರು.

"ಅಯ್ಯ, ಏನ್ ಮಾಡಾಕತ್ತೀರಿ?" ಎಂದೆ.

"ಲ್ಯಾಬಿಗೆ ಕಳಸೂದಲ್ಲೇನ್ರಿ ಇದು? ಮನಿಗೆ ಬಂದವರ ತಾಟಿಗೆ ಸೀದ ರೊಟ್ಟಿ ಹಾಕ್ತೀವೇನ್ರಿ?" ಎಂದವರು, ತುಸು ತಡೆದು ಸೇರಿಸಿದರು: "ಮದಲನೇ ತಿಂಗಳ ಚೀಲದಾಗ ಮಣ್ಣ ಬಂತಂತ ನೀವ ಬೈದಿದ್ರೆಲ್ರಿ."

ಬೈದಿದ್ದೆ. ನನ್ನ ಮೇಜು ಹೊಲಸಾಯಿತು ಅಂತ ಎಲ್ಲರೆದುರು ಬೈದಿದ್ದೆ. ಆವತ್ತಿನಿಂದ ಈ ಮನುಷ್ಯ ಕ್ವಾರಿಯ ಅತ್ಯುತ್ತಮ ಕಲ್ಲನ್ನು ಹುಡುಕಿ, ತೊಳೆದು ನನಗೆ ತಂದುಕೊಡುತ್ತಿದ್ದರು. ನಾನು ಆ ಕಲ್ಲನ್ನೇ ಅಳೆದು, ಲಾರಿಯ ಕಲ್ಲಿಗೆ ಸಹಿ ಹಾಕುತ್ತಿದ್ದೆ. ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ.

ಉಳಿದದ್ದು ಆರು ದಿನ. ವಾಪಸ್ ಬಂದ ಪ್ರತಿ ಲಾರಿಯ ಮೇಲಿನಿಂದ, ನಡುವಿನಿಂದ, ತಳದಿಂದ ಮಣ್ಣುಸಮೇತ ಕಲ್ಲು ತೆಗೆಸಿದೆ. ಒಡೆಸಿ ರಾಶಿ ಮಾಡಿಸಿದೆ. ರಾಶಿಯನ್ನು ನಾಲ್ಕು ಪಾಲು ಮಾಡಿ ಎದುರುಬದುರಿನ ಎರಡು ಪಾಲು ಉಳಿಸಿಕೊಂಡು, ಮತ್ತೆ ಕಲಸಿ ಮತ್ತೆ ಪಾಲು, ಇಡೀ ಲಾರಿಯ ಗುಣ ಒಂದು ಬೊಗಸೆ ಪುಡಿಗೆ ಇಳಿಯುವವರೆಗೆ. ಬಿಸಿಲಿಗೆ ತಲೆ ಸಿಡಿಯುತ್ತಿತ್ತು. ಬಿಡಲಿಲ್ಲ. ಈ ಸಲ ನನ್ನ ತಕ್ಕಡಿಯೂ ಎಂಟರ ಹತ್ತಿರವೇ ಹೇಳಿತು.

ಹಾಗಾದರೆ ಸಿಲಿಕಾ ಎಲ್ಲಿಂದ? ಮಾಬೂಸಾಬರನ್ನೇ ಕೇಳಿದೆ. ಅವರು ಹಿಂದೆ ಮುಂದೆ ನೋಡದೆ ಮೂಡಣ ಮಗ್ಗುಲಿನ ಬಂಡೆಗೆ ಕರೆದೊಯ್ದು, ಗೇಣಗಲದ ಬೂದು ಪಟ್ಟೆಯ ಮೇಲೆ ಕೈಯಿಟ್ಟರು. ಬೆಣಚುಕಲ್ಲಿನಂಥ ಗಟ್ಟಿ ಪದರು, ಬಹುಪಾಲು ಸಿಲಿಕಾನೇ. ಚಳಿಗಾಲದಿಂದ ಆ ಮಗ್ಗುಲಿನಲ್ಲೇ ಕಲ್ಲು ಒಡೆಯುತ್ತಿದ್ದರು; ಪಟ್ಟೆ ಇಷ್ಟು ದಪ್ಪವಾದದ್ದು ಈಚೆಗೆ.

"ಇದನ್ನ ನಾ ಎಂದೂ ನಿಮ್ಮ ಚೀಲಕ್ಕ ಹಾಕಿಲ್ರಿ," ಎಂದರು, ಅಭಿಮಾನದಿಂದಲೇ.

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಾಲ್ಕು ವರ್ಷ ನನ್ನ ಚೀಲ ಕಾಯ್ದ ಆ ಕಣ್ಣನ್ನು ಲಾರಿ ಕಾಯಲು ನಿಲ್ಲಿಸಿದೆ. ಅವರ ಕೈಕೆಳಗೆ ಆರು ಮಂದಿ ಸುತ್ತಿಗೆ ಹಿಡಿದು ಬೂದು ಕಲ್ಲು ಬೇರ್ಪಡಿಸಿದರು. ಏಳನೆಯ ದಿನದ ಲಾರಿ: ಮೂರು ಪಾಯಿಂಟ್ ಆರು.

ಕಾರ್ಖಾನೆಗೆ ಪತ್ರ ಬರೆಯುವಾಗ ಮಾಲೀಕರು ಅಂದರು, "ಮುಕಾದಮನ ತಪ್ಪು ಅಂತ ಬರೀರಿ, ಬಾಯಾರ. ಇಲ್ಲಂದ್ರ ನಿಮ್ಮ ನೌಕರಿಗೇ ಬರತೈತಿ."

"ಬರಲಿ ತಗೋರಿ," ಎಂದೆ. ಸ್ಯಾಂಪಲ್ ತೆಗೆಯುವ ಕ್ರಮವನ್ನು ಕಲಿಸದ, ನೋಡದ ತಪ್ಪು ಕೆಮಿಸ್ಟ್ ಆದ ನನ್ನದು ಎಂದು ಬರೆದು ಸಹಿ ಹಾಕಿದೆ. ಕಾರ್ಖಾನೆಯವರು ತಮ್ಮದೇ ಮನುಷ್ಯನನ್ನು ಕಳಿಸಿ, ಎದುರಿಗೇ ಸ್ಯಾಂಪಲ್ ತೆಗೆಸಿ, ಲಾರಿ ಒಪ್ಪಿಕೊಂಡರು. ನನಗೆ ಆ ವರ್ಷದ ಬಡ್ತಿ ತಪ್ಪಿತು. ಮಾಬೂಸಾಬರು ಉಳಿದರು.

ತಕ್ಕಡಿ ತನ್ನ ಮೇಲೆ ಬಿದ್ದದ್ದನ್ನು ಮಾತ್ರ ಹೇಳುತ್ತದೆ. ಅದನ್ನು ತಂದವರು ಯಾವ ಅಂಜಿಕೆಯಲ್ಲಿ ತಂದರು ಅನ್ನುವುದನ್ನು ನಾವೇ ಎದ್ದುಹೋಗಿ ನೋಡಬೇಕು. ಈ ನೌಕರಿಯಲ್ಲಿ ನಾನು ತಡವಾಗಿ ಕಲಿತದ್ದು ಅದು.

ಕಾರ್ಖಾನೆ ಲಾರಿ ಒಪ್ಪಿಕೊಂಡ ಮೇಲಿನ ಸೋಮವಾರ ಮಾಬೂಸಾಬರು ಚೀಲ ತಂದು ನನ್ನ ಮೇಜಿನ ಮೇಲೆ ಸುರಿದರು. ಧೂಳೆದ್ದಿತು, ಕಾಗದಗಳ ಮೇಲೆಲ್ಲ ಕೆಂಪು ಮಣ್ಣು. ನನ್ನ ಮುಖವನ್ನೇ ನೋಡುತ್ತ ನಿಂತರು.

"ಹೊಲಸೂ ಐತ್ರಿ ಬಾಯಾರ. ಹೆಂಗಿತ್ತೋ ಹಂಗ ತಂದೀನಿ."

"ಭಾಳ ಚೊಲೋ ಆತು," ಎಂದು ಕುರ್ಚಿ ಎಳೆದೆ. "ಕುಂಡ್ರಿ."